ಬಿಲ್ಲಿಗೆ ಕಂಬಳಿ, ನನಗೆ ಹಗ್ಗ

ಪರದೇಶಕ್ಕೆ ಹೋಗಿ ಬಂದವರು ಗಡಿಯಾರ ತರುತ್ತಾರೆ, ಟೇಪ್ ರೆಕಾರ್ಡರ್ ತರುತ್ತಾರೆ, ಬಣ್ಣದ ಕೊಡೆ ತರುತ್ತಾರೆ. ನಾನು ಇಂಗ್ಲೆಂಡಿಗೆ ಹೋಗಿ ಒಂದು ಹಗ್ಗ ತಂದಿದ್ದೇನೆ. ಅದೂ ಅಲ್ಲಿಯದಲ್ಲ, ನನ್ನದೇ ಹಳೆ ಸೀರೆ ಹರಿದು ನಾನೇ ಹೆಣೆದದ್ದು. ವಾಡಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹೆಂಗಸರು ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕರು. ನಗಲಿ. ಒಬ್ಬೊಬ್ಬರಿಗೆ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ, ಅದಕ್ಕೇ ಬರೆಯಲು ಕುಳಿತೆ. ಆಡಕಿ ಹಳ್ಳಿಯ ಶಾಲೆಯಲ್ಲಿ ನಾನು ಕಲಿತದ್ದು ಕಡಿಮೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ನಡೆದದ್ದರಲ್ಲಿ ಮಾತ್ರ ಒಂದಕ್ಷರ ತಪ್ಪಿಲ್ಲ.

ವಾಡಿ ಸ್ಟೇಷನ್

ನನ್ನ ಮಗಳು ಕಮಲಾ ಇಂಗ್ಲೆಂಡಿನ ಒಂದು ಊರಿನ ದವಾಖಾನೆಯಲ್ಲಿ ನರ್ಸ್. ಅಳಿಯ ಶರಣಪ್ಪ ಅಲ್ಲಿ ಬಸ್ಸು ಓಡಿಸುತ್ತಾರೆ. ಅವರಿಗೆ ಒಬ್ಬಳೇ ಮಗಳು, ಶೀಲಾ. ಅವಳನ್ನು ನಾನು ಎತ್ತಿಕೊಂಡದ್ದು ಹಾಲುಹಲ್ಲು ಬರುವ ಮೊದಲು. ಈಗ ಆ ಹಲ್ಲು ಬಿದ್ದು ಹೊಸವು ಬಂದಿವೆಯಂತೆ. ಮೊಮ್ಮಗಳ ಹಲ್ಲು ನೋಡಲು ಸಮುದ್ರ ದಾಟಿದ ಹೆಂಗಸು ನಾನು.

ನಮ್ಮವರು ಬರಲಿಲ್ಲ. ರೈಲ್ವೆ ಗ್ಯಾಂಗಿನಲ್ಲಿ ಹಳಿ ನೋಡಿಕೊಳ್ಳುವವರಿಗೆ ಹಳಿ ಇಲ್ಲದ ದಾರಿಯೆಂದರೆ ನಂಬಿಕೆಯಿಲ್ಲ. ಮುಂಬಯಿ ಗಾಡಿ ಬಂದು ನಿಂತಾಗ ತಮ್ಮ ಹೆಗಲ ಮೇಲಿನ ಕರಿ ಕಂಬಳಿ ತೆಗೆದು ಕಿಟಕಿಯೊಳಗೆ ತುರುಕಿದರು.

“ಅಲ್ಲಿ ಥಂಡಿ ಭಾಳ ಅದ ಅಂತ. ತಗೋ.”

“ನಿಮಗರಿ?”

“ವಾಡಿಯಾಗ ಎಲ್ಲಿ ಥಂಡಿ? ಸಿಮೆಂಟ್ ಭಟ್ಟಿ ಕಾವೇ ಸಾಕು. ಆದ್ರ ಜ್ವಾಕಿ, ತಿರುಗಿ ತರಬೇಕು ನೋಡು. ಅಪ್ಪಂದು ಅದು.”

ನಮ್ಮದು ಕುರಿ ಕಾಯುವ ಮನೆತನ. ಮಾವ ಆ ಕಂಬಳಿ ಹೊದ್ದೇ ಆಡಕಿಯ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುತ್ತಿದ್ದರು. ಎಷ್ಟು ಸಲ ಒಗೆದರೂ ಅದರ ಕುರಿವಾಸನೆ ಹೋಗಿಲ್ಲ. “ತರ್ತೀನಿ ಬಿಡ್ರಿ, ನಾನೇನು ಅಲ್ಲಿ ಮಾರಿಬರ್ತೀನೇನು?” ಎಂದೆ. ಗಾಡಿ ಹೊರಟಿತು.

ವಿಮಾನ ಇಳಿದಲ್ಲಿ

ವಿಮಾನದೊಳಗೆ ನಡೆದದ್ದು ಬಿಡಿ. ಚಮಚದಲ್ಲಿ ಅನ್ನ ಎತ್ತಿದರೆ ಅದು ಪಕ್ಕದವರ ಮಡಿಲಿಗೆ ಹೋಯಿತು, ಅವರೇ ನನಗೆ “ಸಾರಿ” ಎಂದರು! ಆ ದೇಶದಲ್ಲಿ ತಪ್ಪು ಯಾರದಾದರೂ ಕ್ಷಮೆ ಎಲ್ಲರೂ ಕೇಳುತ್ತಾರೆಂದು ಅಲ್ಲೇ ತಿಳಿಯಿತು.

ಇಳಿದ ಮೇಲೆ ಕಸ್ಟಮ್ಸಿನ ಮನುಷ್ಯ ಗಂಟು ಬಿಚ್ಚು ಎಂದ. ಜೋಳದ ಹಿಟ್ಟು ಮುಟ್ಟಿ ನೋಡಿದ, ಶೇಂಗಾ ಹಿಂಡಿಯ ಖಾರದ ಪುಡಿ ಮೂಸಿ ಸೀನಿದ. ಕಂಬಳಿ ಬಿಡಿಸಿ ಮೂಗಿನ ಹತ್ತಿರ ಒಯ್ದವನು ಹಾಗೇ ಮಡಚಿ, ಎರಡೂ ಕೈಯಿಂದ ತಿರುಗಿ ಕೊಟ್ಟ. ಹೋಗು ತಾಯಿ ಎಂದು ಕೈ ಮಾಡಿದ. ಮಾವನ ಕಂಬಳಿಗೆ ಲಂಡನ್ನಿನಲ್ಲಿಯೂ ಮರ್ಯಾದೆ ಸಿಕ್ಕಿತು.

ಮಗಳ ಮನೆ

ಅಲ್ಲಿಯ ಮನೆಗಳು ನಮ್ಮ ಕ್ವಾರ್ಟರ್ಸಿನಂತೆಯೇ ಸಾಲಾಗಿ ಅಂಟಿಕೊಂಡಿವೆ. ಬೆಳಿಗ್ಗೆ ಎದ್ದು ನೋಡಿದರೆ ಗಿಡದ ಎಲೆಯ ಮೇಲೆಲ್ಲ ಬಿಳಿ. “ಕಮಲಾ, ಇಲ್ಲೂ ಸಿಮೆಂಟ್ ಫ್ಯಾಕ್ಟರಿ ಅದೇನು?” ಎಂದು ಕೇಳಿದೆ. ಅದು ಹಿಮವಂತೆ. ವಾಡಿಯ ಬೇವಿನ ಗಿಡದ ಮೇಲಿನ ಸಿಮೆಂಟ್ ಧೂಳು ಮಳೆ ಬಂದರೆ ಹೋಗುತ್ತದೆ, ಇದು ಬಿಸಿಲು ಬಂದರೆ ಹೋಗುತ್ತದೆ, ಅಷ್ಟೇ ಫರಕು.

ಆದರೆ ಒಂದು ಸಂಗತಿ ನನ್ನ ಎದೆಗೆ ಕೂತಿತು. ಶೀಲಾಳ ಕೊರಳಲ್ಲಿ ಒಂದು ದಾರ, ದಾರದಲ್ಲಿ ಬೀಗದ ಕೈ. ತಾಯಿ ತಂದೆ ಇಬ್ಬರದೂ ಪಾಳಿಯ ಕೆಲಸ. ಶಾಲೆ ಬಿಟ್ಟು ಬಂದು, ತಾನೇ ಬೀಗ ತೆಗೆದು, ಖಾಲಿ ಮನೆಯಲ್ಲಿ ಟಿವಿ ಹಚ್ಚಿ ಕೂಡುತ್ತಿದ್ದಳು. ನಾನು ಹೋದ ಮೇಲೆ ಬಾಗಿಲು ತೆರೆಯುತ್ತಲೇ “ಆಯೀ!” ಎಂದು ಕೂಗಿ ನನ್ನ ಸೊಂಟಕ್ಕೆ ಬಿದ್ದು ಹಿಡಿಯುತ್ತಿದ್ದಳು. ಸ್ವರ್ಗ ಎಂದರೆ ಇನ್ನೇನು ಹೇಳಿ! ಒಂದು ದಿನ ಹಾಗೆ ಹಿಡಿದೇ ಕೇಳಿದಳು:

“ಆಯಿ, ನೀ ವಾಡಿಗಿ ಹೋದಮ್ಯಾಲೆ ಬಾಗಿಲ ತೆಗದ್ರ ಯಾರಿರ್ತಾರ?”

ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿದೆ. ಈ ಹುಡುಗಿ ಒಳಗೆ ಬಂದಾಗ ಎದ್ದು ನಿಲ್ಲುವ ಒಂದು ಜೀವ ಈ ಮನೆಯಲ್ಲಿರಬೇಕು. ಅದನ್ನು ಮಾಡದೆ ನಾನು ವಿಮಾನ ಹತ್ತುವುದಿಲ್ಲ.

ಬ್ರೆಡ್ಡಿನ ಅಂಗಡಿ ಮುಂದೆ

ಶೀಲಾಳ ಕೈ ಹಿಡಿದು ಪೇಟೆಗೆ ಹೋದಾಗ ಬ್ರೆಡ್ಡಿನ ಅಂಗಡಿಯ ಮುಂದೆ ಒಂದು ನಾಯಿ ಕಟ್ಟಿತ್ತು. ನೋಡಿದವಳೇ ಸೆರಗು ಜಾರಿದ್ದೂ ತಿಳಿಯದೆ ಓಡಿದೆ. ಉದ್ದ ಮೂತಿ, ಬಳುಕುವ ಬೆನ್ನು, ಎಣಿಸಬಹುದಾದ ಪಕ್ಕೆಲುಬು, ಇಲ್ಲವೇ ಇಲ್ಲದ ಹೊಟ್ಟೆ. ಅರೇ, ಇದು ನಮ್ಮ ಕಡೆಯ ಬೇಟೆನಾಯಿಯ ಅಣ್ಣ! ಮಾವನ ಹತ್ತಿರ ಅಂಥದೊಂದು ಇತ್ತು. ಮೊಲದ ಬೆನ್ನು ಹತ್ತಿದರೆ ಕಾಲು ನೆಲಕ್ಕೆ ತಾಗುವುದೇ ಕಾಣುತ್ತಿರಲಿಲ್ಲ.

ನಾಯಿಯ ಯಜಮಾನ ಒಬ್ಬ ಮುದುಕ. ಅವನು ಹೇಳಿದ್ದನ್ನು ಶೀಲಾ ನಮ್ಮ ಭಾಷೆಗೆ ತಿರುಗಿಸಿದಳು. ಈ ನಾಯಿಗಳನ್ನು ಇಲ್ಲಿ ಪಂದ್ಯದಲ್ಲಿ ಓಡಿಸುತ್ತಾರಂತೆ. ಓಟ ಕಡಿಮೆಯಾದರೆ ಯಾರಿಗೂ ಬೇಡ. ಅಂಥವಕ್ಕಾಗಿ ಊರ ಹೊರಗೆ ಒಂದು ಆಸರೆಮನೆ ಇದೆ. ಅಲ್ಲಿ ಬರೀ ಇದೇ ಜಾತಿಯ ನಾಯಿಗಳು, ಬೇರೆ ಜಾತಿಯವಕ್ಕೆ ಪ್ರವೇಶವಿಲ್ಲ.

ಮನೆಗೆ ಬಂದು ಹೇಳಿದಾಗ ಅಳಿಯಂದಿರು ನಕ್ಕರು. “ಗುಲಬರ್ಗಾದಾಗ ಜಾತಿಗೊಂದು ಹಾಸ್ಟೆಲ್ ಅವ ನೋಡ್ರಿ ಅತ್ತಿ, ಹಂಗೇ ಇದೂ.”

“ಹಾಸ್ಟೆಲ್ಲೇ ಇರ್ಲಿ. ಒಂದು ಹುಡುಗನ್ನ ನಮ್ಮ ಮನಿಗಿ ಕರಕೊಂಡು ಬರೋಣ.”

ನಗು ನಿಂತಿತು. “ಬ್ಯಾಡ್ರಿ. ನಮ್ಮ ಮಂದಿ ನಾಯಿನ್ನ ಮನ್ಯಾಗ ಬಿಟ್ಕೋತಾರೇನು? ಬಾಗಿಲ ಹೊರಗ ಕಟ್ಟಬೇಕಂದ್ರ ಇಲ್ಲಿ ಥಂಡಿಗಿ ಸಾಯ್ತದ.”

“ಶೀಲಾನೂ ಥಂಡ್ಯಾಗೇ ಕುಂತಾಳ್ರಿ, ಒಬ್ಬಾಕಿ,” ಎಂದೆ.

ಕಮಲಾ ಗಂಡನಿಗೆ ರೊಟ್ಟಿ ಹಾಕುತ್ತ ನನ್ನ ಕಡೆ ಕಣ್ಣು ಹೊಡೆದಳು. ನನ್ನ ಮಗಳು ನನ್ನ ಮಗಳೇ. ದಿನಾ ಊಟಕ್ಕೆ ಕುಳಿತಾಗ ನಾನು ಅದೇ ಮಾತು ಎತ್ತಿದೆ. ಕೊನೆಗೆ ಅಳಿಯಂದಿರು ಕೈ ಮುಗಿದರು: “ನೋಡಿ ಬರೋಣ ನಡೀರಿ. ಬರೇ ನೋಡೋದು ಮತ್ತ!”

ಆಸರೆಮನೆ

ನೋಡಲು ಹೋಗುವವಳು ಬರಿಗೈಯಲ್ಲಿ ಹೋಗಲಿಲ್ಲ. ನಮ್ಮ ಕಡೆ ದನ ಕೊಟ್ಟವರು ಹಗ್ಗ ಕೊಡುವುದಿಲ್ಲ. ಎತ್ತಾಗಲಿ ಎಮ್ಮೆಯಾಗಲಿ, ಒಯ್ಯುವವರೇ ತಮ್ಮ ಹಗ್ಗ ತರಬೇಕು. ಹಳೆಯ ಹಗ್ಗ ಕೊಟ್ಟವರ ಮನೆಯಲ್ಲಿ ಉಳಿದರೆ ಅವರ ಮನೆಯ ಬರಕತ್ತು, ಅಂದರೆ ಸಿರಿ, ಅಲ್ಲೇ ಉಳಿಯುತ್ತದೆ. ಮೇಯಲು ಬಾರದ ನಾಯಿಗೂ ಅದೇ ನ್ಯಾಯ. ನನ್ನ ಕೆಂಪು ಸೀರೆಯೊಂದು ಜೀರ್ಣವಾಗಿತ್ತು, ಅದನ್ನು ಪಟ್ಟಿಪಟ್ಟಿಯಾಗಿ ಹರಿದು, ಮೂರೆಳೆ ಮಾಡಿ ಹೆಣೆದು ಚೀಲದಲ್ಲಿ ಇಟ್ಟುಕೊಂಡಿದ್ದೆ.

ಆಸರೆಮನೆಯ ಯಜಮಾನಿ ಮಾರ್ಗರೇಟಬಾಯಿ. ಮೊಳಕಾಲ ತನಕ ರಬ್ಬರ್ ಬೂಟು, ಸ್ವೆಟರಿನ ತುಂಬ ನಾಯಿಗೂದಲು. ಎರಡೂ ಕಡೆ ತಂತಿ ಜಾಳಿಗೆಯ ಹಿಂದೆ ನಾಯಿಗಳು. ಬೊಗಳುವುದೇ ಇಲ್ಲ, ಸುಮ್ಮನೆ ನೋಡುತ್ತವೆ. ಕೊನೆಯ ಜಾಳಿಗೆಯಲ್ಲಿ ಒಂದು ಬೂದಿಬಣ್ಣದ್ದು ಎದ್ದು ಬಂದು ಶೀಲಾಳ ಎದುರು ನಿಂತಿತು. ಹೆಸರು ಬಿಲ್ಲಿ ಎಂದಳು ಮಾರ್ಗರೇಟಬಾಯಿ. ನನಗೆ ನಗು ತಡೆಯಲಾಗಲಿಲ್ಲ. ವಾಡಿಯ ನಮ್ಮ ನೆರೆಮನೆ ಸಾಬರು ಬಿಲ್ಲಿ ಎನ್ನುವುದು ಬೆಕ್ಕಿಗೆ!

ಹೊರಗೆ ತಂದಾಗ ನಾನು ಹಗ್ಗ ತೆಗೆದು ಅದರ ಕೊರಳಿಗೆ ಕಟ್ಟಿದೆ. ಮಾರ್ಗರೇಟಬಾಯಿ “ನೋ, ನೋ” ಎನ್ನುತ್ತ ಬರುವಷ್ಟರಲ್ಲಿ ಬಿಲ್ಲಿ ತಲೆ ಹಿಂದಕ್ಕೆ ಎಳೆದುಕೊಂಡಿತು. ಹಗ್ಗ ನನ್ನ ಕೈಯಲ್ಲಿ, ನಾಯಿ ಮೈದಾನದಲ್ಲಿ! ಈ ಜಾತಿಗೆ ತಲೆಗಿಂತ ಕೊರಳೇ ದಪ್ಪವಂತೆ, ಅದಕ್ಕೆ ಅಗಲದ ತೊಗಲು ಪಟ್ಟಿಯೇ ಬೇಕಂತೆ. ನನಗೇನು ಗೊತ್ತು? ಸುತ್ತಲೂ ಬೇಲಿಯಿತ್ತು, ಪುಣ್ಯ. ಬಿಲ್ಲಿ ಓಡಿತು. ಏನು ಓಟ ಅದು! ಹುಲ್ಲಿನ ಮೇಲೆ ಗಾಳಿ ಹೋದಂತೆ ಎರಡು ಸುತ್ತು ಬಂತು. ನಾನು ತಪ್ಪು ಮಾಡಿದ್ದೂ ಮರೆತು ಚಪ್ಪಾಳೆ ಹೊಡೆದೆ. ಅಳಿಯಂದಿರು ನೆಲ ನೋಡುತ್ತ ನಿಂತಿದ್ದರು. ಬಿಲ್ಲಿ ತಾನಾಗಿ ಬಂದು ಮಾರ್ಗರೇಟಬಾಯಿಯ ಕಾಲಿಗೆ ಒರಗಿತು.

ಅವಳು ಬಯ್ಯಲಿಲ್ಲ. ಹಗ್ಗ ಯಾಕೆ ತಂದೆ ಎಂದು ಕೇಳಿದಳು. ಶೀಲಾ ನನ್ನ ಮಾತು ಅವಳಿಗೆ ಹೇಳಿದಳು, ಅವಳ ಮಾತು ನನಗೆ ತಂದಳು:

“ಆಯಿ, ಕೊರಳಪಟ್ಟಿ ಅಕೀದೇ ಇರಬೇಕಂತ. ಅದಕ್ಕ ನಿನ್ನ ಹಗ್ಗ ಕಟ್ಟಬಹುದಂತ. ಹಳೇ ಹಗ್ಗ ತಾ ಇಟ್ಕೋತಾಳಂತ, ಬರಕತ್ತು ಅಕಿಗೂ ಬೇಕಂತ.” ಆಮೇಲೆ ದನಿ ಸಣ್ಣದು ಮಾಡಿದಳು. “ಆದ್ರ ಮೊದಲು ನಮ್ಮ ಮನಿ ನೋಡಾಕ ಬರ್ತಾಳಂತ, ಬಿಲ್ಲಿನ್ನ ಕರಕೊಂಡು. ಮನಿ ಅವಗ ಸೇರಿದ್ರ ಕೊಡ್ತಾಳಂತ, ಇಲ್ಲಂದ್ರ ಇಲ್ಲಂತ. ಇನ್ನೊಬ್ರೂ ಕೇಳ್ಯಾರಂತ.”

ಮನೆ ನೋಡುವವರು ಬಂದ ದಿನ

ಮನೆ ನೋಡಲು ಬರುತ್ತಾರೆ ಎಂದರೆ ನಮ್ಮಲ್ಲಿ ಏನು ಮಾಡುತ್ತೇವೆ? ನಿಮಗೇ ಗೊತ್ತು. ವಾಡಿ, ಶಹಾಬಾದ್, ಚಿತ್ತಾಪುರ ಯಾವ ಊರಿನ ಮನೆಯಾದರೂ ಕಾಲಡಿಗೆ ಕರಿ ಫರ್ಸಿಕಲ್ಲು. ಚಾಪೆ ಎಲ್ಲ ಎತ್ತಿ ಹೊರಗೆ ಹಾಕಿ, ಕೊಡಗಟ್ಟಲೆ ನೀರು ಸುರುವಿ ಫರ್ಸಿ ತೊಳೆದು, ಒಣಗಿದ ಮೇಲೆ ಎಣ್ಣೆ ಬಟ್ಟೆಯಿಂದ ಒರೆಸುತ್ತೇವೆ. ಬಂದ ಬೀಗರು ಬಗ್ಗಿದರೆ ಮುಖ ಕಾಣಬೇಕು. ಅದೇ ಮನೆಯ ಹೆಂಗಸಿನ ಸರ್ಟಿಫಿಕೇಟು.

ಅಳಿಯಂದಿರು ಬೆಳಗಿನ ಪಾಳಿಗೆ ಹೋಗಿದ್ದರು, ಕಮಲಾ ದವಾಖಾನೆಯಲ್ಲಿದ್ದಳು. ಶೀಲಾ ಮತ್ತು ನಾನು ಸೊಂಟ ಕಟ್ಟಿದೆವು. ಅಲ್ಲಿಯವರು ನೆಲಕ್ಕೆ ಬಟ್ಟೆ ಹಾಸಿ ಅದನ್ನು ಒಗೆಯುವುದೇ ಇಲ್ಲ! ಆ ಹಾಸುಗಳನ್ನೆಲ್ಲ ಸುತ್ತಿ ಹಿತ್ತಿಲಿಗೆ ಒಯ್ದು ಬಡಿದು ಹಾಕಿದೆ. ಕೆಳಗೆ ನುಣ್ಣನೆಯ ಪ್ಲಾಸ್ಟಿಕ್ಕಿನಂಥ ನೆಲ. ಸೋಪು ಹಾಕಿ ತಿಕ್ಕಿದೆವು. ಕೊನೆಗೆ ಕೊಬ್ಬರಿ ಎಣ್ಣೆ. ಶೀಲಾ ಬಗ್ಗಿ ನೋಡಿ, “ಆಯಿ, ನನ್ನ ಹಲ್ಲು ಕಾಣಾಕತ್ತಾವ!” ಎಂದು ಕೂಗಿದಳು. ನನಗೆ ಎದೆ ಉಬ್ಬಿತು.

ಅಳಿಯಂದಿರು ಬಂದರು. ಒಳಗೆ ಕಾಲಿಟ್ಟವರು ನೇರ ಅಡಿಗೆಮನೆಯ ಬಾಗಿಲ ತನಕ ಜಾರಿಹೋಗಿ ಅದನ್ನು ಅಪ್ಪಿಕೊಂಡು ನಿಂತರು. “ಅತ್ತೀ! ಏನು ಮಾಡೀರಿ ಇದು?” ಎನ್ನುವಾಗಲೇ ಬಾಗಿಲ ಗಂಟೆ ಹೊಡೆಯಿತು. ಮಾರ್ಗರೇಟಬಾಯಿ, ಅವಳ ಕೈಯಲ್ಲಿ ಬಿಲ್ಲಿ.

ಬಿಲ್ಲಿ ಹೊಸ್ತಿಲು ದಾಟಿತು. ಮುಂದಿನ ಎರಡು ಕಾಲು ಎರಡು ಕಡೆ ಹೋದವು. ಹಿಂದಿನವು ಓಡಲು ನೋಡಿದವು, ಅವೂ ಹೋದವು. ಧಪ್ಪೆಂದು ಬಿತ್ತು. ಎಳೆದು ಎಬ್ಬಿಸಿದರೆ ಬಾಗಿಲ ಹೊರಗೆ ಹೋಗಿ ನಿಂತು, ಬಾಲ ಹೊಟ್ಟೆಯೊಳಗೆ ಸಿಕ್ಕಿಸಿಕೊಂಡು ಗಡಗಡ ನಡುಗಿತು. ಕರೆದರೂ ಇಲ್ಲ, ಬಿಸ್ಕೀಟು ತೋರಿಸಿದರೂ ಇಲ್ಲ. ಹುಟ್ಟಿದಾಗಿನಿಂದ ಮಣ್ಣು, ಹುಲ್ಲು, ಹುಲ್ಲುಹಾಸಿಗೆ ಮಾತ್ರ ಕಂಡ ನಾಯಿ ಅದು. ಮನೆ ಎಂಬುದನ್ನೇ ಕಂಡಿರಲಿಲ್ಲ. ಮೊದಲ ಮನೆಯೇ ಅದನ್ನು ಕೆಡವಿತು.

ಮಾರ್ಗರೇಟಬಾಯಿ ಬಿಲ್ಲಿಯ ಕಾಲು ಸವರಿ ನೋಡಿ ಏನೋ ಹೇಳಿದಳು. ಶೀಲಾ ಓಡಿ ಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಳಿಯಂದಿರು ಮೆಲ್ಲಗೆ ಹೇಳಿದರು. “ಒಮ್ಮೆ ಅಂಜಿದ ಮನಿಗಿ ಮತ್ತ ಬರೂದಿಲ್ಲಂತ್ರಿ. ಇನ್ನೊಬ್ರಿಗೇ ಕೊಡ್ತೀನಿ ಅನ್ನಾಕತ್ತಾಳ. ಬಿಡ್ರಿ ಅತ್ತಿ, ಆತು.”

“ಇನ್ನಾ ಆಗಿಲ್ರಿ,” ಎಂದೆ. “ಅಕಿಗಿ ಹೇಳ್ರಿ, ಒಂದು ಚಾ ಕುಡಿಯೋ ತನಕ ನಿಂದ್ರಂತ.”

ಚಹಾ ಮಾಡಿ ಇಟ್ಟು, ಮೇಲೆ ಹೋಗಿ ಕಂಬಳಿ ತಂದೆ. ಹೊಸ್ತಿಲಿನಿಂದ ಒಳಗಡೆಗೆ ಉದ್ದಕ್ಕೂ ಹಾಸಿದೆ. ಕುರಿಹಟ್ಟಿಗೆ ಹೊಸ ನಾಯಿ ಬಂದರೆ ನಮ್ಮ ಮಾವ ಅದನ್ನು ಕರೆಯುತ್ತಿರಲಿಲ್ಲ. ಅದು ಯಾರಿಗೆ ಸೇರಬೇಕೋ ಅವರು ಕಂಬಳಿಯ ಮೇಲೆ ಅದಕ್ಕೆ ಬೆನ್ನು ಮಾಡಿ ಕೂತು ರೊಟ್ಟಿ ತಿನ್ನಬೇಕು. ತಿರುಗಿ ನೋಡಬಾರದು, ಮಾತಾಡಬಾರದು. ಶೀಲಾಳನ್ನು ಹಾಗೆ ಕೂಡಿಸಿದೆ, ಕೈಗೆ ರೊಟ್ಟಿ ಕೊಟ್ಟೆ. ಅವಳ ಎದುರು ನಾನೂ ಕಣ್ಣು ತಗ್ಗಿಸಿ ಕೂತೆ. ಅಳಿಯಂದಿರನ್ನೂ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ಕೂಡಿಸಿದೆ. ಮಾರ್ಗರೇಟಬಾಯಿ ಹಗ್ಗ ಸಡಿಲ ಬಿಟ್ಟು ಬಾಗಿಲ ಹೊರಗೆ ನಿಂತಿದ್ದಳು. ಏನೋ ಕೇಳಿದಳು.

“ಆಯಿ,” ಶೀಲಾ ಪಿಸುಗುಟ್ಟಿದಳು, “ತನ್ನ ಮ್ಯಾಲೆ ಸಿಟ್ಟಾಗೀರೇನು ಅಂತ ಕೇಳಾಕತ್ತಾಳ.”

“ಸುಮ್ಮ ರೊಟ್ಟಿ ತಿನ್ನು ಬೇ.”

ಎಷ್ಟು ಹೊತ್ತು ಕೂತೆವೋ! ಚಹಾ ಆರಿತು. ನನ್ನ ಮೊಳಕಾಲು ಹಿಡಿದುಕೊಂಡವು. ಅಳಿಯಂದಿರು ಒಮ್ಮೆ ಕೆಮ್ಮಿದರು, ನಾನು ಮೊಣಕೈಯಿಂದ ತಿವಿದೆ. ಆಮೇಲೆ ಕಂಬಳಿಯ ಮೇಲೆ ಉಗುರು ಸಿಕ್ಕಿ ಬಿಡುವ ಸದ್ದು. ಒಂದು. ಮತ್ತೆ ಬಹಳ ಹೊತ್ತು ಇಲ್ಲ. ಮತ್ತೆ ಒಂದು. ಮೂಸುವ ಸದ್ದು. ಮಾವ ಮಲಗಿದ, ಕುರಿಮರಿ ಹುಟ್ಟಿದ, ಆಡಕಿಯ ಮಳೆ ಕುಡಿದ ಕಂಬಳಿ ಅದು. ಏನೇನು ಓದಿಕೊಂಡಿತೋ ಅದರಲ್ಲಿ. ಇದ್ದಕ್ಕಿದ್ದ ಹಾಗೆ ಶೀಲಾ ಮುಂದಕ್ಕೆ ಬಗ್ಗಿದಳು, ಅವಳ ರೊಟ್ಟಿ ನನ್ನ ಮಡಿಲಿಗೆ ಬಿತ್ತು. ಬಿಲ್ಲಿ ತನ್ನ ಇಡೀ ಮೈಯ ಭಾರ ಅವಳ ಬೆನ್ನಿಗೆ ಹಾಕಿ ಒರಗಿ ನಿಂತಿತ್ತು.

ಶೀಲಾ ತಿರುಗಲಿಲ್ಲ, ಮಾತಾಡಲಿಲ್ಲ. ಆದರೆ ನನ್ನ ಎದುರಿಗಿದ್ದ ಅವಳ ಮುಖ! ಹೊಸ ಹಲ್ಲುಗಳೆಲ್ಲ ಕಂಡವು.

ಮಾರ್ಗರೇಟಬಾಯಿ ಬೂಟು ಬಿಚ್ಚಿ ಬಂದು ಕಂಬಳಿಯ ಅಂಚಿಗೆ ಕೂತಳು. ಆರಿದ ಚಹಾ ಒಂದೇ ಗುಟುಕಿಗೆ ಕುಡಿದು ಬೆರಳು ತೋರಿಸಿ ಹೇಳಿದಳು. ಎಣ್ಣೆಯೆಲ್ಲ ಹೋಗಬೇಕು, ಹಾಸುಗಳು ತಿರುಗಿ ಬರಬೇಕು, ಮೆಟ್ಟಿಲು ಹತ್ತುವುದನ್ನು ಒಂದೊಂದಾಗಿ ಕಲಿಸಬೇಕು. ಆಮೇಲೆ ಬಿಲ್ಲಿ ನಿಮ್ಮದು. ಬೇಡ ಬೇಡ ಎನ್ನುತ್ತಿದ್ದ ಅಳಿಯಂದಿರೇ ಮೊದಲು ಪ್ಯಾಂಟು ಮಡಚಿ ಬಕೆಟ್ಟು ತಂದರು. ನಾವು ನಾಲ್ವರೂ ಸೇರಿ ನೆಲ ಒರೆಸಿದೆವು. ಬಿಲ್ಲಿ ಕಂಬಳಿಯ ಮೇಲೆ ಸುಲ್ತಾನನಂತೆ ಮಲಗಿ ನೋಡುತ್ತಿತ್ತು. ರೊಟ್ಟಿ ಮಾತ್ರ ಮೂಸಿ ಬಿಟ್ಟಿತು, ಜೋಳದ ರುಚಿ ಅದಕ್ಕೆ ಇನ್ನೂ ಗೊತ್ತಿರಲಿಲ್ಲ.

ಸಂಜೆ ಕಮಲಾ ಬಂದಳು. ನೆಲ ನೋಡಿದಳು, ನಾಯಿ ನೋಡಿದಳು, ಬಕೆಟ್ಟಿನ ಪಕ್ಕದ ಗಂಡನನ್ನು ನೋಡಿದಳು. “ಯವ್ವಾ, ನನ್ನ ಮದುವಿ ಆಗಿನಿಂದ ಇವರ ಕೈಯಾಗ ನೆಲ ಒರಸೋ ಅರಿವಿ ನೋಡಿದ್ದು ಇವತ್ತೇ,” ಎಂದಳು.

ಹೊರಡುವಾಗ

ಆಮೇಲಿನ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿದ್ದೆ. ಬೀಗ ತೆರೆಯುವ ಸದ್ದಾಯಿತು. ನಾನು ಕೈ ಒರೆಸಿಕೊಳ್ಳುವುದರೊಳಗೆ ಬಿಲ್ಲಿ ಕಂಬಳಿಯಿಂದ ಎದ್ದು, ಉದ್ದಕ್ಕೆ ಮೈ ಮುರಿದು, ಬಾಗಿಲಿಗೆ ಹೋಗಿ ನಿಂತಿತ್ತು. ಬಾಗಿಲು ತೆರೆಯಿತು. “ಬಿಲ್ಲೀ!” ಎಂದಳು ಶೀಲಾ. ಬಹಳ ಹೊತ್ತಿನ ಮೇಲೆ “ಆಯಿ” ಎಂದಳು. ಒಂದು ಚಣ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ! ಮರುಚಣ ಒಲೆಯ ಮುಂದೆ ನಿಂತು ಒಬ್ಬಳೇ ನಕ್ಕೆ. ಇನ್ನು ನಾನು ವಿಮಾನ ಹತ್ತಬಹುದು.

ಹೊರಡುವ ದಿನ ಕಂಬಳಿ ಮಡಚಲು ಹೋದೆ. ಬಿಲ್ಲಿ ಅದರ ಮೇಲಿತ್ತು. ಎಬ್ಬಿಸಲು ಕೈ ಬರಲಿಲ್ಲ. ನಮ್ಮವರಿಗೆ ಏನು ಹೇಳಲಿ ಎಂದು ಯೋಚಿಸುತ್ತ ನಿಂತಾಗ ಶೀಲಾ ಬಂದಳು. ಬಿಲ್ಲಿಯ ಕೊರಳಪಟ್ಟಿಯಿಂದ ನನ್ನ ಕೆಂಪು ಹಗ್ಗ ಬಿಚ್ಚಿದಳು. ತಾನು ಪೇಟೆಯಿಂದ ತಂದ ಹೊಸ ನೀಲಿ ಹಗ್ಗ ಸಿಕ್ಕಿಸಿದಳು. ಕೆಂಪು ಹಗ್ಗ ಸುತ್ತಿ ನನ್ನ ಕೈಗೆ ಇಟ್ಟಳು.

“ಬಿಲ್ಲಿನ್ನ ನನಗ ಕೊಟ್ಟಾಕಿ ನೀನಲ್ಲಾ ಆಯಿ? ಕೊಟ್ಟವರ ಮನ್ಯಾಗೇ ಹಗ್ಗ ಇರಬೇಕು.”

ತಿರುಗಿ ವಾಡಿ

ಸ್ಟೇಷನ್ನಿನಲ್ಲಿ ನಮ್ಮವರು ನಿಂತಿದ್ದರು. ನನ್ನ ಮುಖ ನೋಡುವ ಮೊದಲು ಹೆಗಲು ನೋಡಿದರು.

“ನನ್ನ ಕಂಬಳಿ?”

“ಬಿಲ್ಲಿಗಿ ಕೊಟ್ಟು ಬಂದೀನ್ರಿ.”

“ಬೆಕ್ಕಿಗಿ? ನಮ್ಮಪ್ಪನ ಕಂಬಳಿ ಬೆಕ್ಕಿಗಿ ಕೊಟ್ಟೀಯೇನು ಬೇ?”

ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂಡಿಸಿ ಎಲ್ಲ ಹೇಳಿದೆ. ಗೂಡ್ಸ್ ಗಾಡಿಯೊಂದು ಬಂತು, ಹೋಯಿತು, ನನ್ನ ಮಾತು ಮುಗಿಯಲಿಲ್ಲ. ಕೇಳಿ ಕೇಳಿ ಅವರು ಒಂದೇ ಮಾತು ಕೇಳಿದರು. “ಬೆನ್ನು ಮಾಡಿ ಕುಂತಳೇನು, ಹುಡುಗಿ? ತಿರುಗಿ ನೋಡಲಿಲ್ಲ?”

“ಒಮ್ಮೆನೂ ನೋಡಲಿಲ್ರಿ.”

ಅವರು ಮೇಲೆದ್ದರು, ನನ್ನ ಗಂಟು ಎತ್ತಿ ಹೆಗಲಿಗೆ ಹಾಕಿಕೊಂಡರು. ಮನೆಗೆ ಬಂದವರೇ, ಕಂಬಳಿ ತೂಗುಹಾಕುತ್ತಿದ್ದ ಗೂಟಕ್ಕೆ ಕೆಂಪು ಹಗ್ಗ ತೂಗುಹಾಕಿದರು. ಅಲ್ಲೇ ಇದೆ, ಬಂದರೆ ತೋರಿಸುತ್ತೇನೆ. ಕೇಳಿದರೂ ಕೊಡುವುದಿಲ್ಲ.